ಎರಡು ಇಂಚು

ಎಲ್ಲರಿಗೂ ಹೇಳಿದ್ದು ಸೋಪಿನ ನೀರು ಅಂತ.
ಅರಸೀಕೆರೆಯ ಸ್ಟೇಷನ್ ಹಿಂದೆ
ಮೂವತ್ತೆಂಟು ವರ್ಷ ಮಿಷನ್ ತುಳಿದವಳು
ತನ್ನದೇ ನೈಟಿಯ ಅಂಚು ಮಡಿಸದೆ ತೊಟ್ಟು
ಅದನ್ನೇ ತುಳಿದು ಬಿದ್ದಳು ಅಂದರೆ
ನಾಳೆ ಯಾರು ತಂದುಕೊಡುತ್ತಾರೆ ಬ್ಲೌಸ್ ಪೀಸು?

ಬೆಳಗಿನ ಜಾವದ ಗಾಡಿ ಕೂಗುತ್ತಿತ್ತು.
ಬಚ್ಚಲಿಗೆ ಇರುವುದು ಒಂದೇ ಹೊಸ್ತಿಲು,
ಅರ್ಧ ಗೇಣೂ ಇಲ್ಲ.
ಗೋಡೆ ಹಿಡಿಯಲು ಹೋದೆ, ಗೋಡೆ ಹಿಂದೆ ಸರಿಯಿತು.
ನೆಲ ಮಾತ್ರ ಇದ್ದಲ್ಲೇ ಇತ್ತು.
ಒಳಗೆಲ್ಲೋ ಟಕ್ ಎಂದಿತು
ಹಲ್ಲಿನಲ್ಲಿ ದಾರ ಕಡಿದ ಹಾಗೆ,
ಅಷ್ಟೇ.

ಕೂಗಲಿಲ್ಲ. ತಂಗಿ ರುದ್ರಾಣಿಗೆ ಕಿವಿ ಮಂದ,
ಕೂಗಿದ್ದರೂ ಕೇಳುತ್ತಿರಲಿಲ್ಲ.
ಕೂಗದೆ ಇದ್ದದ್ದು ಅದಕ್ಕಲ್ಲ.
ಎಪ್ಪತ್ತೊಂದರ ಹೆಂಗಸು
ಕಡಪ ಕಲ್ಲಿಗೆ ಕೆನ್ನೆಯಿಟ್ಟು
ಹಂಡೆಯ ತಳದ ಮಸಿ ನೋಡುತ್ತ
ಯೋಚಿಸಿದ್ದು ದೇವರನ್ನೂ ಅಲ್ಲ, ಸಾವನ್ನೂ ಅಲ್ಲ:
ಯಾರಾದರೂ ಬರುವ ಮೊದಲು
ಈ ನೈಟಿಯನ್ನು ಮೊಣಕಾಲಿನ ಕೆಳಗೆ
ಎಳೆದುಕೊಳ್ಳುವುದು ಹೇಗೆ?

ಬಂದದ್ದು ಹಾಲಿನ ಹುಡುಗ.
ಪಾಪ, ಮುಖ ಆಚೆ ತಿರುಗಿಸಿಕೊಂಡು
ಟವೆಲು ಎಸೆದ.

ಹಾಸನದ ಆಸ್ಪತ್ರೆಯಲ್ಲಿ
ಬೆಳಕಿಗೆ ಫಿಲಂ ಹಿಡಿದು ತೋರಿಸಿದರು.
ಎಷ್ಟು ಸೊಂಟಗಳಿಗೆ ಟೇಪು ಸುತ್ತಿದವಳು ನಾನು!
ಮೂವತ್ತನಾಲ್ಕು, ಮೂವತ್ತಾರು,
ಹೆತ್ತ ಮೇಲೆ ನಲವತ್ತೆರಡು.
ಒಳಗೊಂದು ಬಟ್ಟಲಿದೆ, ಬಟ್ಟಲೊಳಗೊಂದು ಚೆಂಡಿದೆ
ಅಂತ ಯಾರೂ ಹೇಳಿರಲಿಲ್ಲ.
ಚೆಂಡಿನ ಕೊರಳು ಮುರಿದಿತ್ತು.
ಸ್ಟೀಲು ಕೂರಿಸಿದರು. ಹೊರಗೆ ಹದಿನೇಳು ಹೊಲಿಗೆ.
ಎಣಿಸಿದೆ. ಎರಡು ಸೊಟ್ಟ.
ಡಾಕ್ಟರಿಗೆ ಏನೂ ಅನ್ನಲಿಲ್ಲ.

ನೋಡಲು ಬಂದವರು ಮೂಸಂಬಿ ತಂದರು,
ಜೊತೆಗೆ ಬಿದ್ದವರ ಕಥೆ ತಂದರು.
ನಮ್ಮತ್ತೆಯೂ ಹೀಗೇ ಬಿದ್ದು ಆರು ತಿಂಗಳಿಗೆ...
ಅಲ್ಲಿಗೆ ನಿಲ್ಲಿಸಿ
ಮೂಸಂಬಿ ಸುಲಿದರು.

ಮನೆಗೆ ಬಂದರೆ ಮನೆ ಬೇರೆ.
ಚಾಪೆಗಳು ಸುತ್ತಿಕೊಂಡು ಮೂಲೆ ಸೇರಿದ್ದವು.
ಮೇಲಿನ ಡಬ್ಬಿಗಳೆಲ್ಲ ಕೆಳಗಿಳಿದಿದ್ದವು.
ಬಚ್ಚಲ ಚಿಲಕ ಕಿತ್ತಿಸಿದ್ದಳು ರುದ್ರಾಣಿ.
ಮೀಯುವಾಗ ನಿಮಿಷಕ್ಕೊಮ್ಮೆ
ತಂಬಿಗೆಯಿಂದ ಹಂಡೆ ಬಡಿಯಬೇಕು ನಾನು,
ಅವಳ ಮಂದ ಕಿವಿಗೆ
ಇದ್ದೇನೆ ಎನ್ನಲು.

ಬಾಣಾವರದಿಂದ ಇರ್ಷಾದ್ ಬರುತ್ತಾನೆ, ಬುಧವಾರ, ಶನಿವಾರ.
'ಮೊದಲು ವಾಕರ್, ಆಮೇಲೆ ನೋವಿನ ಕಾಲು,
ಆಮೇಲೆ ಒಳ್ಳೆ ಕಾಲು.
ನೆಲ ನೋಡ್ಬೇಡಿ ಅಜ್ಜಿ, ಎದುರಿಗೆ ನೋಡಿ.'
ಎದುರಿಗೇ ನೋಡುತ್ತಿದ್ದೆನಪ್ಪ ಅವತ್ತೂ.
ಅವನ ಲೆಕ್ಕದಲ್ಲಿ ಮೂಳೆ ಕೂಡಿದೆ.
ಕನಸಿನಲ್ಲಿ ಈಗಲೂ
ದಿನಾ ಒಂದು ಮೆಟ್ಟಿಲು ಕಡಿಮೆ ಬೀಳುತ್ತದೆ,
ಕಾಲು ಒದೆದು ಎಚ್ಚರಾಗುತ್ತದೆ.

ಬೀದಿಗೆ ಹೋಗಲು ಮೋರಿಯ ಚಪ್ಪಡಿ ದಾಟಬೇಕು.
ಅದು ಅಲ್ಲಾಡುತ್ತದೆ.
ನಾನು ಈ ಮನೆಗೆ ಬಂದಾಗಿನಿಂದ ಅಲ್ಲಾಡುತ್ತದೆ,
ಅದರ ಮೇಲೇ ನಿಂತು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದ್ದೇನೆ.
ಈಗ ಒಳಗಿಂದಲೇ ಕೂಗುತ್ತೇನೆ.
ಹೇಳಿದಷ್ಟು ಕೊಡುತ್ತೇನೆ.

ನಿನ್ನೆ ರುದ್ರಾಣಿ ಬಟ್ಟೆ ತಂದಳು,
ನೀಲಿ ಹೂವಿನ ಕಾಟನ್. ಅಳತೆ ತಗೋ ಅಂದಳು.
ಕುರ್ಚಿಯಲ್ಲಿ ಕೂತೇ ಟೇಪು ಇಳಿಬಿಟ್ಟೆ.
ಗಿಣ್ಣಿನಿಂದ ಎರಡು ಇಂಚು ಮೇಲೆ ಗುರುತು ಹಾಕಿದೆ.
'ಕಾಲು ಕಾಣುತ್ತಲ್ಲೇ ಅಕ್ಕ.'
'ಕಾಣಲಿ.'
ತುಂಬ ಹೊತ್ತು ನನ್ನ ಮುಖವನ್ನೇ ನೋಡಿದಳು.

ಅವತ್ತಿನ ನೈಟಿ ಒಗೆದವಳು ಅವಳೇ.
ಬಿಚ್ಚಿದ ಅಂಚಿನಲ್ಲಿ
ಹೆಬ್ಬೆರಳು ತೂರುವಷ್ಟು ತೂತು ಇತ್ತು.
ಒಂಬತ್ತು ತಿಂಗಳಾಯಿತು,
ಸೋಪಿನ ನೀರು, ಸೋಪಿನ ನೀರು
ಅಂತ ಬಂದವರಿಗೆಲ್ಲ ನನಗಿಂತ ಮೊದಲು ಹೇಳಿದವಳೂ ಅವಳೇ.

ಸೂಜಿಗೆ ದಾರ ಪೋಣಿಸಿಕೊಟ್ಟಳು.
ಬಲಗಾಲು ಇನ್ನೂ ಪೆಡಲು ಒತ್ತುವುದಿಲ್ಲ.
ಎಡಗಾಲಲ್ಲೇ ಶುರು ಮಾಡಿದೆ.
ಹೊಲಿಗೆ ಸ್ವಲ್ಪ ಎಳೆಯುತ್ತಿದೆ,
ನೋಡೋಣ.